ಇಬ್ಬರಿಗಾಗುವ ಕೊಡೆ

ಜೂನ್ 9, ಸೋಮವಾರ

ಅಂಗಡಿ ಬೇಗ ಮುಚ್ಚಿದೆ. ಈ ಮಳೆಗೆ ಪೇಂಟ್ ಕೊಳ್ಳಲು ಯಾರು ಬರುತ್ತಾರೆ. ಹಾಸನಕ್ಕೆ ಹೋಗಿ ಮಳೆಯ ಸಾಮಾನು ನೋಡಿ ಬಂದೆ. ಏನೂ ಕೊಳ್ಳಲಿಲ್ಲ.

ಗುರುವಾರ ಬೆಳಗೊಳದಿಂದ ಜೈನ ಮಾತಾಜಿಯವರ ವಿಹಾರ. ಘಟ್ಟ ಇಳಿದು ಮೂಡಬಿದಿರೆಯವರೆಗೆ ಕಾಲ್ನಡಿಗೆ. ಚಾತುರ್ಮಾಸ ಅಲ್ಲಿ. ಇಬ್ಬರು ಮಾತಾಜಿಯರು, ಜೊತೆಗೆ ನಾವೊಂದಷ್ಟು ಜನ ಸಂಸಾರಿಗಳು, ಶ್ರಾವಕರು. ಮಾತಾಜಿಯರಲ್ಲಿ ಒಬ್ಬರು ಹಿರಿಯರು. ಇನ್ನೊಬ್ಬಳು ನನ್ನ ಮಗಳು ತ್ರಿಷಾ. ದೀಕ್ಷೆಯಲ್ಲಿ ಕೊಟ್ಟ ಹೆಸರು ಊರಿನ ಬಾಯಲ್ಲೆಲ್ಲ ಇದೆ, ಫ್ಲೆಕ್ಸ್ ಮೇಲೂ ಇದೆ. ಇಲ್ಲಿ ಬರೆಯುವುದಿಲ್ಲ. ನನ್ನ ಡೈರಿ, ನನ್ನ ಇಷ್ಟ.

ಚಿಕ್ಕವಳಿದ್ದಾಗಿನಿಂದ ಅವಳಿಗೆ ಮಳೆಗಾಲ ಆಗದು. ನೆಂದರೆ ಎದೆಯಲ್ಲಿ ಗೊರಗೊರ ಶುರು. ಈಗ ಬರಿಗಾಲು, ಒಂದು ಬಿಳಿ ಸೀರೆ, ಬೋಳು ತಲೆ. ಕೊಡೆ ಇಲ್ಲ, ಕೋಟಿಲ್ಲ. ದಾರಿಯಲ್ಲಿ ನೆಂದರೆ ಮೈಮೇಲೇ ಒಣಗಬೇಕು. ನಮಗೆ ಮಾತ್ರ ಏನು ಬೇಕಾದರೂ ಹಾಕಿಕೊಳ್ಳಬಹುದು. ಅದಕ್ಕೇ ಅಂಗಡಿಯಲ್ಲಿ ಕೈ ಬರಲಿಲ್ಲ.

ಜೂನ್ 10

ಕೊಂಡೆ. ಕೋಟಲ್ಲ, ಕೊಡೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದು. ಉದ್ದ ಹಿಡಿ, ಕರಿ ಬಟ್ಟೆ, ಗುಂಡಿ ಒತ್ತಿದರೆ ದಡಾರನೆ ಬಿಚ್ಚಿಕೊಳ್ಳುತ್ತದೆ. ಅಂಗಡಿಯವನು ದೂರ ನಡೆಯುವವರಿಗೆ ಇದು ಬೇಡವೆಂದ. ರೈನ್‌ಕೋಟ್ ಸೆಟ್ ತೋರಿಸಿದ, ಪೋಂಚೊ ತೋರಿಸಿದ. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ರಂಗಸ್ವಾಮಿಯೂ ಅದನ್ನೇ ಹೇಳಿದ. ಹರದನಹಳ್ಳಿಯವನು, ನಮ್ಮ ಅಡುಗೆ ಸಾಮಾನಿನ ಟೆಂಪೋ ಓಡಿಸುವವನು.

"ಬ್ರಹ್ಮಣ್ಣ, ಗಾಳಿ ಬಂದ್ರೆ ಇದು ಮಗುಚ್ಕತದೆ ಕಣಣ್ಣ. ನಡ್ಯೋರ್ಗೆ ಕೋಟೇ ಸರಿ."

ಕೋಟು ಒಬ್ಬರಿಗೆ. ಕೊಡೆ ಇಬ್ಬರಿಗೆ. ಹಿಡಿ ಉದ್ದವಿದ್ದರೆ ದೂರದಿಂದಲೂ ಹಿಡಿಯಬಹುದು, ಗಂಡಸು ಮಾತಾಜಿಯನ್ನು ಮುಟ್ಟಿದ ಹಾಗಾಗುವುದಿಲ್ಲ. ಇದನ್ನು ರಂಗಸ್ವಾಮಿಗೂ ಹೇಳಲಿಲ್ಲ, ಹೆಂಡತಿ ಕ್ಷಮಾಗೂ ಹೇಳಲಿಲ್ಲ. ಅವಳಿಗಂತೂ ಹೇಳುವ ಹಾಗೇ ಇಲ್ಲ. ಮಗಳ ಕಾಲಿಗೆ ಬಿದ್ದು "ವಂದಾಮಿ ಮಾತಾಜಿ" ಅನ್ನುವಾಗ ಅವಳ ಮುಖ ಬೆಳಗುತ್ತದೆ. ನನಗೆ ಸೊಂಟ ಬಗ್ಗುತ್ತದೆ, ಅಷ್ಟೇ.

ಜೂನ್ 12, ರಾತ್ರಿ

ಮೊದಲ ದಿನ. ಒಂದು ಹನಿ ಇಲ್ಲ. ಹೊತ್ತ ಕೊಡೆ ದಂಡ. ನಮ್ಮೂರಲ್ಲಿ ಮಗಳು ನಮ್ಮ ಮನೆಯ ಮುಂದೆಯೇ ಹಾದುಹೋದಳು. ತಲೆ ಎತ್ತಲಿಲ್ಲ. ಕಣ್ಣು ನೆಲದ ಮೇಲೆ, ಇರುವೆ ತುಳಿದೀತೆಂದು. ಇರುವೆಗಿರುವ ಅದೃಷ್ಟ.

ಜೂನ್ 14, ಶಾಂತಿಗ್ರಾಮ

ಇಂದು ಅವಕಾಶ ಸಿಕ್ಕಿತು. ಊರಿಗೆ ಇನ್ನೂ ದೂರವಿರುವಾಗಲೇ ಹೈವೇ ಮೇಲೆ ಮಳೆ ಹಿಡಿಯಿತು. ಮಳೆ ಬಂದರೆ ಮಾತಾಜಿಯರು ನಿಲ್ಲಬೇಕು. ಎಲ್ಲಿ ನಿಲ್ಲುವುದು? ಎರಡೂ ಕಡೆ ಬಯಲು, ಒಂದು ಮರವಿಲ್ಲ. ಹಿರಿಯ ಮಾತಾಜಿ ಮುಂದೆ ನಡೆದರು. ನಮ್ಮವರು ತಮ್ಮ ತಮ್ಮ ಕೋಟು ಹುಡುಕಿಕೊಳ್ಳುವ ಗಡಿಬಿಡಿಯಲ್ಲಿದ್ದರು. ನಾನು ಗುಂಡಿ ಒತ್ತಿದೆ. ಹಿಂದಿನಿಂದ ಕೈ ಚಾಚಿ ಅವಳ ತಲೆಯ ಮೇಲೆ ಹಿಡಿದೆ.

ಸರಿದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ನಡಿಗೆ ಸ್ವಲ್ಪ ನಿಧಾನವಾಯಿತು, ನನ್ನ ನಡಿಗೆಗೆ ಸರಿಯಾಗಿ. ಸ್ಕೂಲಿಗೆ ಬಿಡಲು ಹೋಗುವಾಗ ಹೀಗೇ ನಡೆಯುತ್ತಿದ್ದಳು. ಛತ್ರದ ಬಾಗಿಲವರೆಗೆ ಹಾಗೇ ಬಂದೆವು. ನಾನು ಪೂರ್ತಿ ತೊಯ್ದಿದ್ದೆ. ಅವಳ ತಲೆ ಒಣಗಿತ್ತು. ಇಷ್ಟು ಖುಷಿ ಯಾವಾಗ ಪಟ್ಟಿದ್ದೆನೋ ನೆನಪಿಲ್ಲ.

ಜೂನ್ 15

ಬೆಳಿಗ್ಗೆ ಆಹಾರದ ಹೊತ್ತಿಗೆ ಕ್ಷಮಾ, ನಾನು ಬಾಗಿಲಲ್ಲಿ ಕಲಶ ಹಿಡಿದು ನಿಂತೆವು. ಮಾತಾಜಿಯರು ಬಂದು ಯಾರ ಮುಂದೆ ನಿಲ್ಲುತ್ತಾರೋ ಅವರ ಕೈಯಿಂದ ಊಟ. ದಿನಕ್ಕೆ ಅದೊಂದೇ ಊಟ, ನೀರೂ ಆಗಲೇ. ಹಿರಿಯರು ಬಂದರು. ಅವಳು ಬರಲಿಲ್ಲ.

ರಂಗಸ್ವಾಮಿ ಬಂದು ಕಿವಿಯಲ್ಲಿ ಹೇಳಿದ. "ಚಿಕ್ ಅವ್ವಾರು ಇವತ್ತು ಉಪಾಸ್ವಂತೆ ಕಣಣ್ಣ. ನೀರೂ ಇಲ್ವಂತೆ."

ಪ್ರಾಯಶ್ಚಿತ್ತ. ಕೊಡೆಯ ಕೆಳಗೆ ನಡೆದದ್ದಕ್ಕೆ. ಹಿರಿಯರು ಕೇಳಿರಲಿಲ್ಲವಂತೆ, ನೋಡಿಯೂ ಇರಲಿಲ್ಲವಂತೆ. ಇವಳೇ ಹೋಗಿ ಹೇಳಿ, ಬೇಡಿ ತೆಗೆದುಕೊಂಡಳಂತೆ. ಕ್ಷಮಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಗಳ ಬಾಯಿಗೆ ಹೋಗುವ ನೀರನ್ನೂ ತಪ್ಪಿಸಿದ ಗಂಡ.

ಸಂಜೆ ದೂರ ಕುಳಿತು ಕ್ಷಮೆ ಕೇಳಿದೆ. ಅವಳ ತುಟಿ ಒಣಗಿತ್ತು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಶ್ರಾವಕರೇ, ತಪ್ಪು ನಿಮ್ಮದಲ್ಲ. ನಾನು ಸರಿದು ನಡೆಯಬಹುದಿತ್ತು. ಸರಿಯಲಿಲ್ಲ. ಅದಕ್ಕೆ ಉಪವಾಸ."

ಶ್ರಾವಕರೇ! ಅಪ್ಪ ಅನ್ನುವ ಹೆಸರನ್ನು ಯಾವ ಹೊಳೆಗೆ ಬಿಟ್ಟಳೋ.

ಜೂನ್ 17, ಹಾಸನ

ಮಧ್ಯೆ ಒಂದು ದಿನ ಬರೆಯಲು ಮನಸ್ಸಾಗಲಿಲ್ಲ. ಅವಳಿಗೆ ಕೆಮ್ಮು ಹಿಡಿದಿದೆ. ನಿನ್ನೆ ಮಳೆಯಲ್ಲಿ ನೆಂದಳು. ನಾನು ಕೊಡೆಯನ್ನು ಊರುಗೋಲು ಮಾಡಿಕೊಂಡು ಹಿಂದೆ ನಡೆದೆ.

ಕೊಡೆಯನ್ನು ರಂಗಸ್ವಾಮಿಗೆ ಕೊಟ್ಟುಬಿಟ್ಟೆ. ಅದೇ ಅಂಗಡಿಗೆ ಹೋದೆ. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು, ನಾನು ಮೊದಲೇ ಹೇಳಲಿಲ್ಲವಾ ಅನ್ನುವ ನಗೆ. ಯಾರಿಗೆ ಬೇಕೆಂದು ಕೇಳಿದ. ಒಬ್ಬರಿಗೆ ಎಂದೆ. ತೆಳುವಾದ ಕೋಟೊಂದು ಕೊಟ್ಟ. ಇನ್ನೊಂದು ದಪ್ಪ ಪ್ಲಾಸ್ಟಿಕ್‌ದು ಇತ್ತು. ಅದು ಬೇಡ ಎಂದ. ಟೋಪಿ ಹಾಕಿಕೊಂಡರೆ ಮಳೆಯ ಸದ್ದು ಎಷ್ಟೆಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಂತೆ. ಗಿರಾಕಿಗಳು ಬೈದು ವಾಪಸ್ ತಂದುಕೊಡುತ್ತಾರಂತೆ.

ಅದನ್ನೇ ಕೊಂಡೆ.

ಜೂನ್ 19, ಮಧ್ಯಾಹ್ನ

ಹಾಸನ ದಾಟಿ ಒಂದು ಬಸ್ ನಿಲ್ದಾಣದ ಸೂರಿನಡಿ. ಇಬ್ಬರು ಮಾತಾಜಿಯರು ಆ ತುದಿಗೆ, ನಾವು ಈ ತುದಿಗೆ. ಮಳೆ ಬಿಡುವ ಲಕ್ಷಣವಿಲ್ಲ. ಟೋಪಿ ಇನ್ನೂ ತೆಗೆದಿಲ್ಲ, ಸೂರಿನ ತಗಡಿನ ಮೇಲೂ ಅದೇ ಸದ್ದು.

ಕೋಟು ಚೆನ್ನಾಗಿದೆ. ಒಂದು ಹನಿ ಒಳಗೆ ಬಂದಿಲ್ಲ. ಅಂಗಡಿಯವನ ಮಾತೂ ನಿಜ. ಬೆಳಿಗ್ಗೆಯಿಂದ ಟೋಪಿಯ ಮೇಲೆ ಮಳೆ ಬಡಿಯುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕೆಮ್ಮುವಾಗ ಅವಳ ಬೆನ್ನು ಅದುರುವುದು ಕಾಣುತ್ತಿತ್ತು. ನೆಲ ನೋಡಿಕೊಂಡು ನಡೆದೆ. ಬೇಕಾದರೆ ಇರುವೆ ನೋಡುತ್ತಿದ್ದೆ ಅನ್ನಬಹುದು.

ಕತ್ತಲಾಗುವ ಮೊದಲು ಮುಂದಿನ ಊರು ಸೇರಬೇಕಂತೆ. ಎಲ್ಲರೂ ಏಳುತ್ತಿದ್ದಾರೆ. ಅವಳೂ ಎದ್ದಳು. ಇಲ್ಲ, ಕುಳಿತಳು. ಹಿರಿಯರು ಬಗ್ಗಿ ಏನೋ ಕೇಳುತ್ತಿದ್ದಾರೆ. ಅವಳ ಬಾಯಿ ಆಡುತ್ತಿದೆ. ನನ್ನ ಕಡೆ ನೋಡಿ ಏನೋ ಅಂದಳು, ಎರಡಕ್ಷರವಿರಬೇಕು. ಟೋಪಿ ತೆಗೆಯುವಷ್ಟರಲ್ಲಿ ಮಾತು ಮುಗಿದಿತ್ತು, ಅಪ್ಪ ಅಂದಳೋ ಏನೋ.