ಕತ್ತಿಗೆ ಭಾರವಾಗದ ಕನ್ನಡಕ

ಯಾಮ್ಸಾ
ನವೆಂಬರ್ ೧೪, ಗುರುವಾರ

ಪ್ರೀತಿಯ ಹಿಲ್ಕಾ,

ಈ ‘ಪ್ರೀತಿಯ’ ಎನ್ನುವುದನ್ನು ನೋಡಿ ನೀನು ಮೂಗು ಮುರಿಯುತ್ತೀಯ ಅಂತ ಗೊತ್ತು. ಮುರಿದುಕೋ. ಕಾಗದ ನನ್ನದು, ಪೆನ್ನೂ ನನ್ನದು.

ನಿನ್ನ ಕಾರ್ಡು ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ, ಯಾಕೆ ಅಂತ ಓದುತ್ತಾ ಹೋದರೆ ತಿಳಿಯುತ್ತದೆ. ಮೂರು ವರ್ಷ ಒಂದು ಮಾತಿಲ್ಲ ಕತೆಯಿಲ್ಲ, ಆಮೇಲೆ ಕೆಮಿ ಬಂದರಿನ ಚಿತ್ರದ ಹಿಂದೆ ನಾಲ್ಕು ಸಾಲು! ‘ತಂಗಿಯ ಮಗ ಗೇಮ್ ಆಡುವ ಕನ್ಸೋಲ್ ಬಿಟ್ಟು ಹೋಗಿದ್ದಾನೆ. ವೈಕ್ಕೋ ಜೋಡಿಸಿದ್ದ ಕಂಪ್ಯೂಟರೂ ಇದೆ. ಕಾರಿನ ರ‍್ಯಾಲಿ ಆಟಕ್ಕೆ ಯಾವುದರ ವಿಆರ್ ಹೆಡ್‌ಸೆಟ್ ತಗೊಳ್ಳಲಿ? ಕತ್ತಿನ ವಿಷಯ ನಿನಗೆ ಗೊತ್ತೇ ಇದೆ.’ ಹೇಗಿದ್ದೀಯ ಎಂಬ ಮಾತೂ ಇಲ್ಲ. ಅಂಚೆ ಡಬ್ಬಿಯ ಹತ್ತಿರ ನಿಂತೇ ಓದಿದೆ. ಮನೆಯೊಳಗೆ ಬಂದು, ಬೂಟು ಕಳಚದೆ, ಅಡುಗೆಮನೆಯ ಕುರ್ಚಿಯಲ್ಲಿ ಕೂತು ಮತ್ತೆ ಓದಿದೆ. ಕೊನೆಯ ಸಾಲು ನನಗೆ ಸಾಕಾಗಿತ್ತು. ಗೊತ್ತೇ ಇದೆ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ನನ್ನನ್ನೇ ಯಾಕೆ ಕೇಳಿದೆ ಅಂತ ಊಹಿಸಬಲ್ಲೆ. ನಮ್ಮ ಲೈಬ್ರರಿಯಲ್ಲಿ ಗೇಮಿಂಗ್ ಕೋಣೆ ಶುರುವಾದಾಗ ಪೇಪರಿನಲ್ಲಿ ನನ್ನ ಫೋಟೋ ಬಂದಿತ್ತು, ಕಣ್ಣು ಮುಚ್ಚಿ ಮುಖದ ಮೇಲೆ ಕಟ್ಟಿದ ಆ ಹೆಡ್‌ಸೆಟ್ ಪೆಟ್ಟಿಗೆ, ಬಾಯಿ ತೆರೆದುಕೊಂಡು, ಥೇಟ್ ಕಪ್ಪೆಯ ಹಾಗೆ. ನಿನ್ನ ತಂಗಿ ಕತ್ತರಿಸಿ ತೋರಿಸಿರುತ್ತಾಳೆ. ನೀವಿಬ್ಬರೂ ನಕ್ಕಿದ್ದರೆ ಒಳ್ಳೆಯದೇ ಆಯಿತು.

ಆ ಪೆಟ್ಟಿಗೆ ಹಾಕಿ ನೋಡುವ ಕೆಲಸ ನನ್ನ ತಲೆಗೆ ಬಂದದ್ದು ನಮ್ಮ ಮುಖ್ಯಸ್ಥೆ ಟಾರ್ಯಾಳಿಂದ. ಕನ್ಸೋಲಿಗೆ ಒಂದು, ಕಂಪ್ಯೂಟರಿಗೆ ಒಂದು ಹೆಡ್‌ಸೆಟ್ಟನ್ನು ಅಂಗಡಿಯವರು ನೋಡಲಿಕ್ಕೆ ಅಂತ ಕೊಟ್ಟಿದ್ದರು. ಎರಡರಲ್ಲಿ ಒಂದನ್ನು ಲೈಬ್ರರಿ ಇಟ್ಟುಕೊಳ್ಳಬೇಕು. “ಕೈಸು, ನೀನೇ ನೋಡಿ ಹೇಳು. ಕಾಡಲ್ಲಿ ಕಾರು ಹಾರಿಸಿದೋಳು ನೀನು, ನಿಂಗೆ ತಲೆ ತಿರುಗಲ್ಲ” ಅಂದಳು.

“ಹಾರಿಸಿದ್ದು ಹಿಲ್ಕಾ. ನಾನು ಪಕ್ಕದಲ್ಲಿ ಕೂತು ಓದ್ತಿದ್ದೆ” ಅಂದೆ.

“ಕಾರಲ್ಲಿ ಏನೇ ಓದ್ತಿದ್ದೆ?”

“ರಸ್ತೆ.”

ಅವಳಿಗೆ ಅರ್ಥವಾಗಲಿಲ್ಲ. ಓಟದ ಮುಂಚೆ ನಾವಿಬ್ಬರೂ ನಿಧಾನವಾಗಿ ಆ ದಾರಿಯಲ್ಲಿ ಹೋಗಿ, ತಿರುವು ಎಷ್ಟು ಕಡಿದು ಅನ್ನುವುದಕ್ಕೊಂದು ಅಂಕಿ, ನಡುವಿನ ದೂರಕ್ಕೆ ಮೀಟರು ಹಾಕಿ, ಒಂದೊಂದು ತಿರುವು, ದಿಬ್ಬ, ಕಲ್ಲು ಬರೆದುಕೊಳ್ಳುತ್ತಿದ್ದೆವು, ಓಟದ ದಿನ ನಾನು ಅದನ್ನು ಓದಿ ಹೇಳುತ್ತಿದ್ದೆ, ಹಿಲ್ಕಾ ದಿಬ್ಬದಾಚೆ ಏನಿದೆ ಅಂತ ಕಣ್ಣಿಂದ ನೋಡದೆ ಕಿವಿಯಿಂದ ನಂಬಿ ಓಡಿಸುತ್ತಿದ್ದಳು ಅಂತ ವಿವರಿಸಿದೆ. “ಅಯ್ಯೋ ದೇವರೇ, ನನ್ನ ಗಂಡ ನಾನು ಹೇಳಿದ್ರೆ ಪಾರ್ಕಿಂಗೂ ಮಾಡಲ್ಲ” ಅಂದಳು ಟಾರ್ಯಾ.

ಬೇಸಿಗೆಯಲ್ಲೇ ನೋಡಿ, ಲೈಬ್ರರಿಗೆ ಕಂಪ್ಯೂಟರಿನದು ಒಳ್ಳೆಯದು ಅಂತ ಹೇಳಿಬಿಟ್ಟಿದ್ದೆ. ಆದರೆ ಅದು ಶಾಲೆಯ ಮಕ್ಕಳ ಕತ್ತಿಗೆ ಹೇಳಿದ ಮಾತು. ನಿನ್ನ ಕಾರ್ಡು ಬಂದ ಮೇಲೆ, ಕನ್ಸೋಲಿನದನ್ನು ಇನ್ನೂ ವಾಪಸ್ ಕೊಟ್ಟಿರಲಿಲ್ಲವಾದ್ದರಿಂದ, ಎರಡನ್ನೂ ಮೊದಲಿಂದ ನೋಡಬೇಕಾಯಿತು. ಔಷಧಿ ಅಂಗಡಿಗೆ ಹೋಗಿ ಕತ್ತಿನ ಪಟ್ಟಿ ತಂದೆ. ಅದೇ, ದಪ್ಪ ಸ್ಪಂಜಿನದು, ನೀನು ಆಪರೇಷನ್ ಆದ ಮೇಲೆ ಹಾಕಿಕೊಂಡು ಬೈಯುತ್ತಿದ್ದೆಯಲ್ಲ. ಅದನ್ನು ಕಟ್ಟಿಕೊಂಡು ದಿನಾ ಕೆಲಸ ಮುಗಿದ ಮೇಲೆ ಗೇಮಿಂಗ್ ಕೋಣೆಯಲ್ಲಿ ಕೂತೆ. ಟಾರ್ಯಾ ಬಾಗಿಲಲ್ಲಿ ನಿಂತು, “ಏನೇ ಇದು, ಉಳುಕಿತೇನೇ ಕತ್ತು?” ಅಂತ ಗಾಬರಿಯಾದಳು. “ನಂದಲ್ಲ, ಇನ್ನೊಬ್ಬಳ ಕತ್ತು” ಅಂದೆ. ಅವಳು ಕಾಫಿ ಇಟ್ಟು ಹೋದಳು.

ಈಗ ನೋಡು. ಕಂಪ್ಯೂಟರಿನದರ ಚಿತ್ರ ಬಹಳ ಸ್ಪಷ್ಟ. ದೂರದ ಬರ್ಚ್ ಮರಗಳ ನಡುವೆ ರಸ್ತೆ ಎತ್ತ ಹೊರಳುತ್ತದೆ ಅಂತ ಚೆನ್ನಾಗಿ ಕಾಣುತ್ತದೆ, ಮೀಟರಿನ ಅಂಕಿ ಓದಬಹುದು, ಓರೆಗಣ್ಣಿಂದ ನೋಡಿದರೂ ಮಸುಕಿಲ್ಲ. ಆದರೆ ಅದರ ಭಾರವೆಲ್ಲ ಮುಂದೆ, ಕೆನ್ನೆಯ ಮೇಲೆ. ಹಿಂದಿನ ಪಟ್ಟಿ ಬಿಗಿದರೆ ತಲೆ ನೋವು, ಸಡಿಲಿಸಿದರೆ ಮೂಗಿಗೆ ಜಾರುತ್ತದೆ. ಮತ್ತೆ ಶುರು ಮಾಡುವ ಗೋಳು ಬೇರೆ. ಇವತ್ತು ಸರಿ ಇದ್ದದ್ದು ನಾಳೆ ಕಂಪ್ಯೂಟರು ತನ್ನಷ್ಟಕ್ಕೆ ಏನೋ ಹೊಸದು ಹಾಕಿಕೊಂಡು ಹೆಡ್‌ಸೆಟ್ಟನ್ನು ಗುರುತೇ ಹಿಡಿಯುವುದಿಲ್ಲ. ಇಂಥದ್ದಕ್ಕೆ ನಿನ್ನ ಗಂಡನೇ, ನಮ್ಮ ವೈಕ್ಕೋನೇ ಇರಬೇಕಿತ್ತು. ಸುಮ್ಮನೆ ಕೂತು, ಒಂದು ಬಿಸ್ಕತ್ತು ಬಾಯಲ್ಲಿಟ್ಟುಕೊಂಡು, ಸರಿ ಮಾಡಿ ಎದ್ದು ಹೋಗುತ್ತಿದ್ದ. ನಾವು ಹಳ್ಳಕ್ಕೆ ಬೀಳಿಸಿ ತಂದ ಕಾರನ್ನೂ ಹಾಗೇ ತಾನೇ ಮಾಡುತ್ತಿದ್ದದ್ದು? ಅವನು ತೀರಿಕೊಂಡಾಗ ನಾನು ಬರೆದದ್ದು ನಿನಗೆ ಸಿಕ್ಕಿತೋ ಇಲ್ಲವೋ. ಸಿಕ್ಕಿರುತ್ತದೆ. ಇರಲಿ.

ಕನ್ಸೋಲಿನದು ಒಂದೇ ತಂತಿ, ಚುಚ್ಚಿದರೆ ಆಯಿತು. ತಲೆಯ ಸುತ್ತ ಉಂಗುರದ ಹಾಗೆ ಕೂರುತ್ತದೆ, ಭಾರ ಹಣೆಗೂ ಹಿಂದಲೆಗೂ ಹಂಚಿಹೋಗುತ್ತದೆ, ಕೆನ್ನೆಗೆ ತಾಗುವುದೇ ಇಲ್ಲ. ಕನ್ನಡಕ ಹಾಕಿಕೊಂಡೇ ಹಾಕಬಹುದು. ಗುಂಡಿ ಒತ್ತಿದರೆ ಗಾಜು ಮುಂದಕ್ಕೆ ಸರಿಯುತ್ತದೆ. ಆದರೆ ಅದನ್ನು ಕಣ್ಣಿನ ನೇರಕ್ಕೆ ಸರಿಯಾಗಿ ಕೂರಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಅಂಚೆಲ್ಲ ಮಂಜು. ತಾಳ್ಮೆ ಬೇಕು, ನಿನ್ನಲ್ಲಿ ಅದಿಲ್ಲ, ಕಲಿತುಕೋ. ಇನ್ನೊಂದು ಮಾತು: ಅದರಲ್ಲಿ ಕತ್ತಲೆ ಅಂದರೆ ನಿಜವಾದ ಕತ್ತಲೆ. ಕಂಪ್ಯೂಟರಿನದರಲ್ಲಿ ಕತ್ತಲೆ ಬೂದಿ ಬಣ್ಣಕ್ಕಿತ್ತು, ನೀರು ಬೆರೆಸಿದ ಕಾಫಿಯ ಹಾಗೆ. ಇದರಲ್ಲಿ ದೀಪದ ಬೆಳಕು ಮುಗಿದ ಕಡೆ ಲೋಕವೇ ಮುಗಿದ ಹಾಗೆ ಅನ್ನಿಸುತ್ತದೆ. ನಾನು ಚಾಲಕಿಯ ಸೀಟಿನಲ್ಲಿ ಕೂತಿದ್ದೆ ಅನ್ನುವುದನ್ನು ಮರೆಯಬೇಡ. ಜೀವಮಾನದಲ್ಲಿ ಮೊದಲ ಸಲ ನಿನ್ನ ಜಾಗದಿಂದ ರಸ್ತೆ ನೋಡಿದೆ. ಎಷ್ಟು ಕಿರಿದು ಕಣೇ ಅದು! ನನ್ನ ಕಡೆಯಿಂದ ಯಾವತ್ತೂ ಅಷ್ಟು ಕಿರಿದಾಗಿ ಕಂಡಿರಲಿಲ್ಲ. ಸಿಕ್ಕ ಸಿಕ್ಕ ಮರಕ್ಕೆಲ್ಲ ಗುದ್ದಿದೆ. ಒಂದು ಸಲ ಕಾರು ಮಗುಚಿ ನಿಂತಾಗ, ಅಭ್ಯಾಸಬಲ ನೋಡು, ‘ನಿನಗೇನೂ ಆಗಿಲ್ಲವಷ್ಟೇ’ ಅಂತ ಕೇಳಲಿಕ್ಕೆ ಪಕ್ಕಕ್ಕೆ ತಿರುಗಿದೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅಲ್ಲಿ ಇರಬೇಕಾದವಳು ನಾನೇ ಅಂತ ಹೊಳೆಯಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಇಷ್ಟೇ ಆಗಿದ್ದರೆ ಅವತ್ತೇ ಉತ್ತರ ಬರೆಯುತ್ತಿದ್ದೆ. ಆದರೆ ಕಂಪ್ಯೂಟರಿನ ಆಟದಲ್ಲಿ ಒಂದು ವಿಷಯವಿದೆ, ಅದನ್ನು ನಿನಗೆ ಹೇಳಲೋ ಬೇಡವೋ ಅಂತ ವಾರವೆಲ್ಲ ಒದ್ದಾಡಿದೆ. ಅದರಲ್ಲಿ ಇಬ್ಬರು ಕೂರಬಹುದು. ಒಬ್ಬರು ಅವರ ಮನೆಯಿಂದ ಓಡಿಸುತ್ತಾರೆ, ಇನ್ನೊಬ್ಬರು ಬೇರೆ ಯಾವುದೋ ಊರಿನಿಂದ ಪಕ್ಕದ ಸೀಟಿನಲ್ಲಿ ಕೂತು ಓದುತ್ತಾರೆ. ನಿಜವಾಗಿ ಕೂತ ಹಾಗೇ. ತಿರುಗಿ ನೋಡಿದರೆ ಹೆಲ್ಮೆಟ್ಟು ಕಾಣುತ್ತದೆ, ಕೈ ಆಡುವುದು ಕಾಣುತ್ತದೆ.

ನೋಡೋಣ ಅಂತ ಒಬ್ಬನ ಪಕ್ಕ ಕೂತೆ. ಊರ್ಮಾಸ್ ಅಂತ, ಎಸ್ಟೋನಿಯಾದವನು, ಟಾರ್ಟುವಿನಲ್ಲಿ ವೆಲ್ಡಿಂಗ್ ಕೆಲಸ. ನಮ್ಮ ಭಾಷೆ ಅಷ್ಟಿಷ್ಟು ಬರುತ್ತದೆ. ಚೆನ್ನಾಗಿ ಓಡಿಸಿದ. ನಾನೂ ಓದಿದೆ. ಎಡ ನಾಲ್ಕು, ಎಂಬತ್ತು, ದಿಬ್ಬದ ಮೇಲೆ ಬಲಕ್ಕೆ ಹಿಡಿ, ಬಲ ಮೂರು, ಒಳಗೆ ಕಲ್ಲು. ಬಾಯಿಗೆ ತುಕ್ಕು ಹಿಡಿದಿರುತ್ತದೆ ಅಂದುಕೊಂಡಿದ್ದೆ, ಹಿಡಿದಿರಲಿಲ್ಲ. ಮೈಯೆಲ್ಲ ಬಿಸಿಯಾಯಿತು. ಕೊನೆಗೆ ಅವನು ಕಾರು ನಿಲ್ಲಿಸಿ, “ಸೂಪರಾಗಿ ಓದ್ತೀರ ಮೇಡಂ. ಒಂದು ಕೇಳ್ಲಾ, ಬೇಜಾರಾಗ್ಬೇಡಿ. ಹಿಲ್ಕಾ ಅಂದ್ರೆ ಯಾರು? ದಾರಿಯುದ್ದಕ್ಕೂ ಅದೇ ಹೆಸರು ಹಿಡಿದು ನನ್ನ ಬೈದ್ರಲ್ಲ” ಅಂದ.

“ನಮ್ಮೂರಲ್ಲಿ ಹಾಗೆ ಬೈತೀವಪ್ಪಾ” ಅಂದೆ.

ಹೆಡ್‌ಸೆಟ್ಟು ತೆಗೆದೆ. ಪ್ಲಾಸ್ಟಿಕ್ ಕುರ್ಚಿಗಳು, ಯಾರೋ ಮರೆತ ಕೈಗವಸು, ಗೋಡೆಯಲ್ಲಿ ‘ಇಲ್ಲಿ ತಿನ್ನಬೇಡಿ’ ಅನ್ನುವ ಚೀಟಿ. ಇದನ್ನು ಹಾಕಿಕೊಳ್ಳುವಾಗ ಯಾರೂ ಹೇಳಿಕೊಡದ ವಿಷಯ ಅದು, ಹಿಲ್ಕಾ: ತೆಗೆದ ಮೇಲಿನ ಕೋಣೆ. ಹಾಕಿಕೊಳ್ಳುವ ಮುಂಚೆ ಇದ್ದದ್ದಕ್ಕಿಂತ ಅದು ದೊಡ್ಡದಾಗಿರುತ್ತದೆ. ನೀನೂ ಒಬ್ಬಳೇ ಇರುವ ಮನೆಯಲ್ಲಿ ತೆಗೆಯುತ್ತೀಯ. ತೆಗೆಯುವ ಮುಂಚೆ ರೇಡಿಯೋ ಹಾಕಿಟ್ಟಿರು, ಅಥವಾ ಒಲೆಯ ಮೇಲೆ ಏನಾದರೂ ಕುದಿಯುತ್ತಿರಲಿ.

ಅವತ್ತು ಮನೆಗೆ ಬಂದು ನಿನಗೊಂದು ಕಾಗದ ಬರೆದೆ. ‘ಕಂಪ್ಯೂಟರಿನದೇ ತಗೋ, ಕಣ್ಣು ಮುಚ್ಚಿ ತಗೋ’ ಅಂತ. ಸ್ಪಷ್ಟ ಚಿತ್ರ, ಹಾಗೆ ಹೀಗೆ ಅಂತ ಎರಡು ಪುಟ. ಇಬ್ಬರು ಕೂರಬಹುದು ಅನ್ನುವುದನ್ನು ಏನೂ ಗೊತ್ತಿಲ್ಲದವಳ ಹಾಗೆ ಕೊನೆಯಲ್ಲಿ ತುರುಕಿದ್ದೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಿಕ್ಕೆ ಹೋದರೆ ಕತ್ತು ಹೊರಳಲಿಲ್ಲ. ಪಟ್ಟಿ ಕಟ್ಟಿಕೊಂಡು ಆ ಮುಂಭಾರವನ್ನು ದಿನಾ ಹೊತ್ತದ್ದಕ್ಕೆ. ಗಟ್ಟಿಮುಟ್ಟಾದ ನನ್ನ ಕತ್ತೇ ಎರಡು ದಿನ ಹಟ ಮಾಡಿತು ಅಂದ ಮೇಲೆ ತಿರುಪು ಹಾಕಿ ಕೂಡಿಸಿದ ನಿನ್ನ ಕತ್ತಿನ ಗತಿ ಏನು? ಕಾಗದ ಒಲೆಗೆ ಹಾಕಿದೆ. ಕತ್ತು ಸರಿಯಾಗುವ ತನಕ ಕಾದು, ಮತ್ತೆ ಪಟ್ಟಿ ಕಟ್ಟಿ, ಕನ್ಸೋಲಿನದನ್ನೇ ಮೂರು ಸಂಜೆ ಹಾಕಿ ನೋಡಿದೆ. ಏನೂ ಆಗಲಿಲ್ಲ.

ಆದ್ದರಿಂದ ಹೇಳುತ್ತೇನೆ, ಕನ್ಸೋಲಿನದು ತಗೋ. ಅದರ ಆಟದಲ್ಲಿ ಒಬ್ಬರಿಗೇ ಜಾಗ. ಇರಲಿ. ಮೊದಲು ನಿನ್ನ ವ್ಯಾಯಾಮದ ಡಾಕ್ಟರಮ್ಮನನ್ನು ಕೇಳು. ನೀನು ಕೇಳಿರುವುದಿಲ್ಲ, ನನಗೆ ಗೊತ್ತು. ಒರಗು ಇರುವ ಕುರ್ಚಿಯಲ್ಲೇ ಕೂರು. ಹೊಟ್ಟೆ ತುಂಬಾ ತಿಂದು ಕೂರಬೇಡ. ಬೆವರು ಶುರುವಾದ ಕೂಡಲೇ ತೆಗೆದುಬಿಡು, ಇನ್ನೊಂದು ತಿರುವು ಅಂತ ಜಿದ್ದು ಮಾಡಬೇಡ. ಕಡಿದಾದ ತಿರುವಿನಲ್ಲಿ ಕತ್ತು ಹೊರಳಿಸದೆ ಕಣ್ಣು ಹೊರಳಿಸು.

ಮೂರು ವರ್ಷದ ಹಿಂದಿನ, ಆಸ್ಪತ್ರೆಯ ಆ ಮಧ್ಯಾಹ್ನದ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿಲ್ಲ. ನಮಗೆ ನಗು ಬರಬೇಕಿತ್ತು ನಿಜವಾಗಿ. ಹನ್ನೆರಡು ವರ್ಷ ಕಾಡಿನಲ್ಲಿ ಕಾರು ಮಗುಚಿದರೂ ಮುರಿಯದ ಕತ್ತನ್ನು ಅಂಗಡಿ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಮುರಿದುಕೊಂಡೆಯಲ್ಲ! ನಾನು ದಾಲ್ಚಿನ್ನಿ ಬನ್ನು ತಂದಿದ್ದೆ. ನೀನು ಚಾವಣಿ ನೋಡುತ್ತಾ, “ಇನ್ನು ಬರ್ಬೇಡ ಕಣೇ ಕೈಸು. ನಿನ್ನ ಮುಖ ನೋಡಿದ್ರೆ ನಂಗೆ ರಸ್ತೆ ಕಾಣುತ್ತೆ. ಬೇರೆ ಯಾರ ಪಕ್ಕನಾದ್ರೂ ಕೂತ್ಕೋ ಹೋಗು” ಅಂದೆ. ವೈಕ್ಕೋ ಕಾರಿಡಾರಿನವರೆಗೂ ಬಂದು, “ನೋವಿಗೆ ಹಾಗಂತಾಳೆ, ಮನಸ್ಸಿಗೆ ಹಚ್ಕೋಬೇಡ” ಅಂದ. ಆದರೆ ನಾನು ಹೋದೆ. ಹನ್ನೆರಡು ವರ್ಷ ಕಾರಿನೊಳಗೆ ನಾನು ಹೇಳಿದ್ದನ್ನೆಲ್ಲ ನೀನು ತಿರುಗಿ ಕೇಳದೆ ನಂಬಿದ್ದೆ. ಕಾರಿನ ಹೊರಗೆ ಒಂದು ಸಲ ನೀನು ಹೇಳಿದ್ದನ್ನು ನಾನೂ ಹಾಗೇ ನಂಬಿದೆ. ತಪ್ಪೋ ಸರಿಯೋ ನೀನೇ ಹೇಳಬೇಕು.

ಬೇರೆಯವರ ಪಕ್ಕವೂ ಕೂತೆ, ಒಂದೆರಡು ಸಲ. ನಮ್ಮ ಕಾರ್ ಕ್ಲಬ್ಬಿನ ಹುಡುಗ, ಒಳ್ಳೆಯವನೇ. ಆದರೆ ಓಡಿಸುವಾಗ ಮಾತಾಡುತ್ತಾನೆ. ನನಗೆ ಉಸಿರು ಬಿಗಿಹಿಡಿದು ಹಲ್ಲಿನ ಸಂದಿಯಲ್ಲಿ ಶಾಪ ಹಾಕುವವರ ಪಕ್ಕ ಕೂತು ಅಭ್ಯಾಸ. ಬಿಟ್ಟುಬಿಟ್ಟೆ. ಈಗ ಸಂಜೆಗಳು ಉದ್ದ. ಇವತ್ತು ಗುರುವಾರ, ವಾಡಿಕೆಯಂತೆ ಬಟಾಣಿ ಸೂಪು ಮಾಡಿದ್ದೇನೆ. ಒಬ್ಬಳಿಗೆ ಸೂಪು ಮಾಡುವುದು ಇನ್ನೂ ಕೈಗೆ ಹತ್ತಿಲ್ಲ, ಶನಿವಾರದವರೆಗೂ ಅದನ್ನೇ ತಿನ್ನಬೇಕು.

ನಾಲ್ಕೂವರೆಗೇ ಕತ್ತಲಾಗಿದೆ. ಟಪಾಲು ಪೆಟ್ಟಿಗೆಗೆ ಹಾಕಿ ಬರುತ್ತೇನೆ, ಇಲ್ಲದಿದ್ದರೆ ಇದನ್ನೂ ಒಲೆಗೆ ಹಾಕಿಬಿಟ್ಟೇನು.

ಹುಷಾರಾಗಿರು. ಜಾರದ ಹಾಗೆ ಮೆಟ್ಟಿಲಿಗೆ ಮರಳು ಹಾಕಿಸು.

ನಿನ್ನ ಎಡವಟ್ಟು ಗೆಳತಿ,
ಕೈಸು

ಮರೆತ ಮಾತು: ಲೈಬ್ರರಿಯವರು ವಾಪಸ್ ಕಳಿಸಬೇಕಿದ್ದ ಕನ್ಸೋಲಿನ ಹೆಡ್‌ಸೆಟ್ಟು ಅಂಗಡಿಗೆ ಹೋಗಲಿಲ್ಲ. ನಾನೇ ಕೊಂಡುಕೊಂಡೆ, ಆಡಲಿಕ್ಕಲ್ಲ. ಆ ಆಟದಲ್ಲಿ ತಿರುವು ಹೇಳಲಿಕ್ಕೆ ಒಂದು ಯಂತ್ರದ ದನಿ ಇದೆ, ಗಂಡಸಿನದು, ಬ್ಯಾಂಕಿನವರು ಫೋನಿನಲ್ಲಿ ಕಾಯಿಸುವ ಹಾಗೆ ಮಾತಾಡುತ್ತದೆ. ಧ್ವನಿಯ ಸೆಟ್ಟಿಂಗಿಗೆ ಹೋಗಿ ಅದರ ಬಾಯಿ ಮುಚ್ಚಿಸಬಹುದು. ಅದರಲ್ಲಿರುವ ನಮ್ಮ ಕಡೆಯ ರಸ್ತೆಗಳನ್ನೆಲ್ಲ ನಿಧಾನಕ್ಕೆ ಓಡಿಸಿ ನೋಡಿ, ನಿನಗೆ ಒಗ್ಗುವ ಹಾಗೆ ಬರೆದುಕೊಂಡಿದ್ದೇನೆ. ನನಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ ಪಕ್ಕದ ಸ್ಟೂಲಿನ ಮೇಲಿಡು, ನಾನು ಓದುತ್ತೇನೆ. ನನಗೆ ನಿನ್ನ ರಸ್ತೆ ಕಾಣಬೇಕಾಗಿಲ್ಲ ಹಿಲ್ಕಾ, ಎಂಜಿನ್ನಿನ ಸದ್ದು ಕೇಳಿಸಿದರೆ ಸಾಕು. ನೀನು ಗೇರು ಇಳಿಸಿದ್ದು ಕಿವಿಗೆ ಬಿದ್ದರೆ ಎಲ್ಲಿದ್ದೀಯ ಅಂತ ನನಗೆ ಗೊತ್ತಾಗುತ್ತದೆ.