ಬೀಳದ ಮಳೆಯ ಭಾನುವಾರ

ಲಾಂಡ್ರಿಯ ಹಿಂದಿನ ಕೋಣೆ,
ಮೇ ೧೪, ಮಧ್ಯಾಹ್ನ

ನನ್ನ ಪ್ರೀತಿಯ ಗುಡುಗಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹವಾಮಾನ ಕಚೇರಿಯ ಆ ಮುರುಕು ಕುರ್ಚಿಗೆ ಒಂದು ದಿಂಬಾದರೂ ಇಟ್ಟುಕೋ ಎಂದರೆ ನೀನು ಕೇಳುವವಳಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಬೆವರೊಂದನ್ನು ಬಿಟ್ಟರೆ. ಬೆಳಿಗ್ಗೆ ಹಾಕಿದ ಅಂಗಿ ತಿಂಡಿ ಮುಗಿಯುವಷ್ಟರಲ್ಲಿ ಹಿಂಡುವ ಹಾಗಾಗುತ್ತದೆ. ಹೋಟೆಲಿನ ಹೊದಿಕೆಗಳಂತೂ ಇಡೀ ದಿನ ಬಿಸಿಲಲ್ಲಿದ್ದರೂ ಒಣಗುವ ಮನಸ್ಸು ಮಾಡುತ್ತಿಲ್ಲ.

ನಿನ್ನ ಕಾಗದ ಓದಿದೆ. ರಾಜೀನಾಮೆ ಬರೆದಿಟ್ಟಿದ್ದೀಯಂತೆ, ಈ ವಾರವೇ ಕೊಡುತ್ತೀಯಂತೆ. ಮನೆಗೆ ಬರುತ್ತೀಯ ಎಂದು ಮೊದಲು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿದೆ. ಮೋಡದ ಲೆಕ್ಕಾಚಾರವಿಲ್ಲದೆ ನೀನು ಒಂದು ದಿನವಾದರೂ ಇರಬಲ್ಲೆಯಾ? ನಿನ್ನ ಗುಡುಗು ಮಳೆಯ ಎಚ್ಚರಿಕೆಯಿಂದ ಭಾನುವಾರದ ಮಕ್ಕಳ ಈಜು ಸ್ಪರ್ಧೆ ನಿಂತುಹೋಯಿತು, ಒಂದು ಹನಿಯೂ ಬೀಳಲಿಲ್ಲ, ಊರೆಲ್ಲ ನಗುತ್ತಿದೆ. ಇಷ್ಟು ಮಾತ್ರ ನಿನ್ನ ಕಿವಿಗೆ ಬಿದ್ದಿದೆ. ಈಗ ಪೂರ್ತಿ ಕಥೆ ಕೇಳು.

ಅವತ್ತು ಅಮ್ಮನ ಹತ್ತಿರ ಈಜು ಕಲಿಯುವ ಮಕ್ಕಳೆಲ್ಲ ಕೊಳದ ದಂಡೆಯಲ್ಲಿ ಧುಮುಕಲು ಸಾಲಾಗಿ ನಿಂತಿದ್ದರು. ಆಕಾಶದಲ್ಲಿ ಮೋಡದ ಸುಳಿವಿಲ್ಲ. ರೇಡಿಯೋದಲ್ಲಿ ನಿನ್ನ ದನಿ ಕೇಳಿದ್ದೇ ತಡ, ಅಮ್ಮ ಸೀಟಿ ಊದಿ ಎಲ್ಲರನ್ನೂ ಬಟ್ಟೆ ಬದಲಿಸುವ ಕೋಣೆಗೆ ಅಟ್ಟಿದಳು. ನಿನ್ನ ಮುನ್ಸೂಚನೆಗಳನ್ನು ದಿನವೂ ಹಂಗಿಸುತ್ತಿದ್ದ ಅದೇ ನಿನ್ನ ಅತ್ತೆ. ಮಕ್ಕಳನ್ನು ಬೆಂಚುಗಳ ಮೇಲೆ ಬೋರಲು ಮಲಗಿಸಿ, ನೀರಿಲ್ಲದೆಯೇ ಕೈಕಾಲು ಬಡಿಸಿದಳು. ಅವು ನಕ್ಕು ನಕ್ಕು ಸುಸ್ತಾದವು. ಹೊರಗೆ ಅಪ್ಪಂದಿರು ಕೆಂಡಾಮಂಡಲ. ನಾನೂ ನಿನ್ನ ಮಾತು ಮೀರದ ಗಂಡನಲ್ಲವೇ, ಹಸಿ ಹೊದಿಕೆಗಳನ್ನೆಲ್ಲ ಒಳಗೆ ತಂದು ರಾಶಿ ಹಾಕಿದೆ. ಸಂಜೆಗೆ ಅವು ಮುಗ್ಗಲು ವಾಸನೆ ಹೊಡೆದು ಎಲ್ಲವನ್ನೂ ಮತ್ತೆ ಒಗೆಯಬೇಕಾಯಿತು. ಹೋಟೆಲಿನ ಮ್ಯಾನೇಜರ್ ಹಲ್ಲು ಕಡಿಯುತ್ತಲೇ "ಮೇಡಂ ಅವರನ್ನ ಕೇಳಿದೆ ಅಂತ ಹೇಳಿ" ಎಂದಿದ್ದಾರೆ.

ಸಂಜೆಯಾದರೂ ಮಳೆಯಿಲ್ಲ. ಕಟಿಂಗ್ ಅಂಗಡಿಯವನು ಮಗನನ್ನು ಕರೆದೊಯ್ಯಲು ಬಂದವನು, ಅಮ್ಮನ ಮುಂದೆ ಕೈ ಕಟ್ಟಿ ನಿಂತು, "ನಿಮ್ಮ ಸೊಸೆ ಮಳೆ ಅಂದ್ರೆ ಇನ್ಮೇಲೆ ಕೊಡೆ ಮನೇಲೇ ಇಟ್ಟು ಬರ್ತೀನಿ" ಎಂದ. ಅಮ್ಮ ಹುಡುಗನ ತಲೆ ಸವರಿ, "ಮಗ ನಗ್ತಾ ಮನೆಗೆ ಬರ್ತಿದಾನೆ. ಅದಕ್ಕೆ ಅಳ್ತಿದೀಯಾ? ಕರ್ಕೊಂಡು ಹೋಗು" ಎಂದಳು. ಆಸಾಮಿ ಮಗನ ಕೈ ಹಿಡಿದು ಹೊರಟ. ಆ ಮಳೆ ನದಿಯಾಚೆ ಸುರಿದು, ಸಿಡಿಲಿಗೆ ದೊಡ್ಡ ಮರವೊಂದು ಸೀಳಿಹೋಯಿತೆಂದು ಮರುದಿನ ಹಾಲಿನವನು ಬಂದು ಹೇಳಿದ.

ನೀನೇ ಒಮ್ಮೆ ಒಲೆಯ ಮೇಲಿನ ಪಾತ್ರೆ ತೋರಿಸಿ ಹೇಳಿರಲಿಲ್ಲವೇ? ನೆಲದ ಕಾವಿಗೆ ಸಮುದ್ರದ ತೇವ ಸೇರಿದರೆ ಗುಳ್ಳೆ ಏಳುವುದು ಖಚಿತ, ಯಾವ ಮೂಲೆಯಲ್ಲಿ ಎಂದು ಮೊದಲೇ ಹೇಳುವುದು ಕಷ್ಟ ಎಂದು. ನೀನು ಗುಳ್ಳೆಯನ್ನು ಸರಿಯಾಗಿಯೇ ಕಂಡಿದ್ದೆ. ನಡುವೆ ಒಂದು ನದಿ ಅಡ್ಡ ಬಂತು, ಅಷ್ಟೇ. ಆ ಕೆಲಸವೇ ಸಾಕೆನಿಸಿದರೆ ಬಾ, ಬಾಗಿಲು ತೆರೆದೇ ಇದೆ. ಜನರ ನಗುವಿಗೆ ಹೆದರಿ ಮಾತ್ರ ಬರಬೇಡ. ನಿನ್ನ ಬಗ್ಗೆ ನನಗೆ ತುಂಬ ಹೆಮ್ಮೆಯಿದೆ. ನೀನು ಎದುರಿಗಿದ್ದಾಗ ಅದನ್ನು ಹೇಳಲು ನನಗೆ ಬಾಯಿಯೇ ಬರುವುದಿಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಅಲ್ಲಿಗೇ ಬಂದು ಸೀಟಿ ಊದುತ್ತಾಳಂತೆ.

ನಿನ್ನ
ಇಸ್ತ್ರಿಪೆಟ್ಟಿಗೆ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ರೇಡಿಯೋದಲ್ಲಿ ನಿನ್ನದೇ ದನಿ. ಸಂಜೆಯೊಳಗೆ ಗುಡುಗು ಮಳೆಯಂತೆ. ಅಂದರೆ ನೀನಿನ್ನೂ ಕುರ್ಚಿ ಬಿಟ್ಟಿಲ್ಲ. ಹೊರಗೆ ಸುಡುಬಿಸಿಲು. ಅಮ್ಮ ಕೊಳದ ಕಡೆಗೆ ಓಡಿದ್ದಾಳೆ. ಕಟಿಂಗ್ ಅಂಗಡಿಯವನು ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಹಾಗೇ ಬಿಟ್ಟು, ಮಗನನ್ನು ಕರೆತರಲು ಅಮ್ಮನಿಗಿಂತ ಮುಂದೆ ಓಡುತ್ತಿದ್ದಾನೆ.