ಗಸಗಸೆ ಒಲ್ಲೆನೆಂದ ಮಂಜುಗಡ್ಡೆ

ಅಣ್ಣಾ,

ಅಜ್ಜಿ ಕಥೆ ಶುರುಮಾಡುವ ಹಾಗೆಯೇ ಹೇಳುತ್ತೇನೆ. ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ, ಸಸ್ಕಾಚೆವಾನ್ ಎಂಬ ಹಿಮದ ನಾಡಿನಲ್ಲಿ ಒರೆಸ್ಟ್ ಎಂಬ ಮಹಾಪಂಡಿತನಿದ್ದ. ತಾಯಿ ಸತ್ತ ಮೂರು ಬೆಕ್ಕಿನ ಮರಿಗಳಿಗೆ ಡಬ್ಬಿಯ ಮೆತ್ತನೆಯ ಊಟ ಒಳ್ಳೆಯದೋ, ಚೀಲದ ಒಣ ಕಾಳು ಒಳ್ಳೆಯದೋ, ತಾನೇ ಪರೀಕ್ಷಿಸಿ ಹೇಳುವುದಾಗಿ ಮಾತು ಕೊಟ್ಟ. ಫ್ರಿಜ್ಜಿನ ತುಂಬ ಅವನು ಹೊಡೆದ ಜಿಂಕೆಯ ಮಾಂಸವೇ ಇದ್ದುದರಿಂದ ತೆರೆದ ಡಬ್ಬಿಯನ್ನು ಹಿಂದಿನ ಜಗಲಿಯಲ್ಲಿಟ್ಟ. ಮರುದಿನ ಅದನ್ನೇ ಕೆತ್ತಿ ತಟ್ಟೆಗೆ ಹಾಕಿದ. ಮರಿಗಳು ಮೂಸಿ ಹಿಂದೆ ಸರಿದವು.

"ನೋಡಿದ್ಯೇನೇ ದಾರ್ಕಾ, ಮೆತ್ತಂದು ಇವಕ್ಕೆ ಸೇರಲ್ಲ. ಒಣದೇ ಸರಿ!" ಎಂದು ಸಾರಿದ ಪಂಡಿತ, ಅಂದರೆ ನೀನು.

ಅದು ಮೆತ್ತಗಿತ್ತೇ, ಅಣ್ಣಾ? ಜನವರಿಯಲ್ಲಿ, ನಮ್ಮ ಜಗಲಿಯಲ್ಲಿ? ಅದರಿಂದ ಗೋಡೆಗೆ ಮೊಳೆ ಹೊಡೆಯಬಹುದಿತ್ತು.

ದೊಡ್ಡವೆರಡೂ ಒಣ ಕಾಳನ್ನು ಕಟಕಟ ಅಗಿಯುತ್ತಿವೆ, ನಿನ್ನ ಪಾಂಡಿತ್ಯಕ್ಕೆ ಜಯವಾಗಲಿ. ಆದರೆ ಮೂರನೆಯ ಮರಿ, ನಮ್ಮ ಪುಟ್ಟ ಗಸಗಸೆಗೆ ಇನ್ನೂ ಹಲ್ಲೇ ಸರಿಯಾಗಿ ಬಂದಿಲ್ಲ. ನಿನ್ನೆಯಿಂದ ಏನೂ ತಿಂದಿಲ್ಲ. ಎತ್ತಿಕೊಂಡರೆ ಕೂಗುವುದಕ್ಕೂ ತ್ರಾಣವಿಲ್ಲ.

ಹೊಸ ಡಬ್ಬಿ ತೆರೆದು ಫ್ರಿಜ್ಜಿನಲ್ಲಿಟ್ಟಿದ್ದೇನೆ. ಮಧ್ಯಾಹ್ನ ಒಂದು ಚಮಚ ತೆಗೆದು ಬಿಸಿನೀರಲ್ಲಿ ಕಲಸಿ, ಬೆರಳಿಗೆ ಹಚ್ಚಿ ನೆಕ್ಕಿಸು. ಜಾಗಕ್ಕಾಗಿ ನಿನ್ನ ಜಿಂಕೆಯನ್ನು ಜಗಲಿಗೆ ಸಾಗಿಸಿದ್ದೇನೆ. ಅದು ಕಲ್ಲಾದರೆ ಯಾರೂ ಉಪವಾಸ ಬೀಳುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ನಾನು ಹಿಡಿಯಬೇಕಿದ್ದ ಬಸ್ಸು ಹೋಯಿತು. ಬಲಗೈ ಬರೆಯುತ್ತಿತ್ತು, ಕಲಸಿದ ಊಟ ಹಚ್ಚಿದ ಎಡಗೈ ಬೆರಳು ಗಸಗಸೆಯ ಬಾಯಲ್ಲಿತ್ತು. ಈಗಷ್ಟೇ ಅವಳು ಬೆರಳು ಬಿಟ್ಟು, ಮುಂಗಾಲೆರಡನ್ನೂ ಮೆತ್ತನೆಯ ಊಟದ ತಟ್ಟೆಯೊಳಗಿಟ್ಟು, ತಾನಾಗಿಯೇ ತಿನ್ನತೊಡಗಿದಳು.

ನಿನ್ನ ಪರೀಕ್ಷೆ ಮುಗಿಯಿತು, ಅಣ್ಣಾ. ತಟ್ಟೆ ಖಾಲಿ.

ದಾರ್ಕಾ